ಅಟ್ಟದಲ್ಲಿ ಸಿಕ್ಕ ಉಪಕರಣ ಯಾವ ಕೆಲಸದ್ದು? ಕಂಡುಹಿಡಿಯುವ ಬಗೆ

ಹಳೇ ಮನೆ ಕೆಡವುವಾಗ, ಅಟ್ಟ ಖಾಲಿ ಮಾಡುವಾಗ, ಗುಜರಿ ಅಂಗಡಿಯ ರಾಶಿ ಕೆದಕುವಾಗ ಒಂದಲ್ಲ ಒಂದು ವಿಚಿತ್ರ ಸಾಮಾನು ಕೈಗೆ ಸಿಗುತ್ತದೆ. ಕಬ್ಬಿಣದ್ದೋ, ಹಿತ್ತಾಳೆಯದ್ದೋ, ಬಿದಿರಿನದ್ದೋ. ಯಾರೋ ಬೇಕಂತಲೇ ಮಾಡಿಸಿದ್ದು ಅನ್ನುವುದು ನೋಡಿದ ತಕ್ಷಣ ತಿಳಿಯುತ್ತದೆ. ಯಾಕೆ ಮಾಡಿಸಿದರು ಅನ್ನುವುದು ತಿಳಿಯುವುದಿಲ್ಲ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊನೆಗೆ ಅದು ಗುಜರಿಗೆ ಹೋಗುತ್ತದೆ, ಇಲ್ಲವೇ ಪಾಲಿಶ್ ಮಾಡಿಸಿಕೊಂಡು ಶೋಕೇಸ್ ಸೇರುತ್ತದೆ.

ಅದನ್ನು ಗುರುತಿಸಲು ತಜ್ಞರೇ ಆಗಬೇಕಿಲ್ಲ. ಸ್ವಲ್ಪ ತಾಳ್ಮೆ ಇದ್ದರೆ ಸಾಕು, ಸಾಮಾನೇ ಮುಕ್ಕಾಲು ಪಾಲು ಹೇಳಿಬಿಡುತ್ತದೆ. ಯಾಕೆಂದರೆ ಕೈ ಉಪಕರಣದ ಮೇಲೆ ಸುಮ್ನೆ ಇರುವಂಥದ್ದು ತುಂಬಾ ಕಡಿಮೆ. ಒಂದು ತೂತು ಹೆಚ್ಚಿಗೆ ಬೇಕೆಂದರೆ ಕಮ್ಮಾರ ಕಬ್ಬಿಣವನ್ನು ಮತ್ತೆ ಕುಲುಮೆಗೆ ಇಡಬೇಕು, ಕಾಯಿಸಬೇಕು, ಬಡಿಯಬೇಕು. ಇದ್ದಿಲು ಖರ್ಚು, ಹೊತ್ತು ಖರ್ಚು, ಮಾಡಿಸುವವನಿಗೆ ಕೂಲಿ ಖರ್ಚು. ಅಂದಕ್ಕೆ ಒಂದೆರಡು ಗೀಟು ಇದ್ದರೂ ಅವು ಹಿಡಿಯ ಮೇಲೋ ಬೆನ್ನಿನ ಮೇಲೋ ಇರುತ್ತವೆ. ಕೆಲಸ ಮಾಡುವ ಭಾಗದಲ್ಲಿ ಇರುವುದೆಲ್ಲ ಕೆಲಸಕ್ಕಾಗಿಯೇ ಇರುವುದು.

ಹಾಗಾಗಿ ನಮ್ಮ ಊಹೆ ಸರಿಯೋ ತಪ್ಪೋ ನೋಡಲು ಒಂದು ಗಟ್ಟಿ ಪರೀಕ್ಷೆ ಇದೆ. ಆ ಊಹೆ ಸಾಮಾನಿನ ಮೇಲಿರುವ ಪ್ರತಿ ತೂತು, ಪ್ರತಿ ಬಾಗು, ಪ್ರತಿ ಕಚ್ಚಿಗೂ ಕಾರಣ ಕೊಡಬೇಕು. ಒಂದು ಕಚ್ಚು ಉತ್ತರವಿಲ್ಲದೆ ಉಳಿದರೂ ಕೆಲಸ ಬಾಕಿ ಇದೆ ಅಂತಲೇ. ಈ ಪರೀಕ್ಷೆಯನ್ನು ಬಿಗಿಯಾಗಿ ಹಿಡಿದುಕೊಂಡರೆ ಸುಲಭದ ತಪ್ಪು ಉತ್ತರಗಳು ತಾವೇ ಉದುರಿಹೋಗುತ್ತವೆ.

ಮೊದಲು ತೊಳೆಯಬೇಡಿ

ಸಾಮಾನು ಸಿಕ್ಕ ತಕ್ಷಣ ಹುಣಸೆಹಣ್ಣು, ಮರಳು ಕಾಗದ ಹಿಡಿದು ಕೂರುವುದು ನಮ್ಮಲ್ಲಿ ಜಾಸ್ತಿ. ದಯವಿಟ್ಟು ಬೇಡ. ಅಂಟಿಕೊಂಡ ಕೊಳೆ ಬಹಳ ಸಲ ದೊಡ್ಡ ಸಾಕ್ಷಿ.

ಮಲೆನಾಡಿನ ಅಡಿಕೆ ಸುಲಿಯುವ ಕತ್ತಿಯನ್ನೇ ನೋಡಿ. ಹಸಿ ಅಡಿಕೆಯ ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪು ಬಣ್ಣ ಕಟ್ಟುವುದರಿಂದ ಹೀಗಾಗುತ್ತದೆ. ಆ ಕಪ್ಪು ಅಲಗಿನ ತುದಿಯಲ್ಲಿ ದಟ್ಟವಾಗಿ, ಬುಡದ ಕಡೆ ತೆಳುವಾಗಿ ಇದ್ದರೆ ಕೆಲಸ ಮಾಡಿದ್ದು ತುದಿ ಅಂತ ಗೊತ್ತಾಗುತ್ತದೆ. ಮರಳು ಕಾಗದದಲ್ಲಿ ಉಜ್ಜಿದರೆ ಇಷ್ಟೂ ಸುದ್ದಿ ಎರಡು ನಿಮಿಷದಲ್ಲಿ ಹೋಯಿತು. ಗಾಡಿಯ ಸಾಮಾನಿಗೆ ಕೀಲೆಣ್ಣೆಯ ಜಿಡ್ಡು ಅಂಟಿರುತ್ತದೆ. ಅಕ್ಕಸಾಲಿಗರ ಸಾಮಾನಿಗೆ ಅರಗು, ಮೇಣ. ನೇಕಾರರದ್ದಕ್ಕೆ ನೂಲಿನ ಎಳೆ, ಗಂಜಿ. ಗಾರೆಯವರದ್ದಕ್ಕೆ ಸುಣ್ಣ. ಮೂಸಿ ನೋಡುವುದಕ್ಕೂ ನಾಚಿಕೆ ಬೇಡ. ಹಳೇ ಮರದ ಹಿಡಿಯಲ್ಲಿ ಎಣ್ಣೆಯ ವಾಸನೆ ತುಂಬಾ ಕಾಲ ಉಳಿದಿರುತ್ತದೆ.

ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು ಅನ್ನುವುದನ್ನು ಆಗಲೇ ಬರೆದಿಟ್ಟುಕೊಳ್ಳಿ. ಒಂದೇ ಚೀಲದಲ್ಲಿ ಇದ್ದ ನಾಲ್ಕು ಸಾಮಾನಿನಲ್ಲಿ ಮೂರು ಬಡಗಿಯವು ಅಂತ ಗೊತ್ತಾದರೆ ನಾಲ್ಕನೆಯದೂ ಬಹುಶಃ ಬಡಗಿಯದೇ.

ಹಿಡಿಯಿಂದ ಶುರು ಮಾಡಿ

ಎಲ್ಲರ ಕಣ್ಣು ಮೊದಲು ಅಲಗಿನ ಕಡೆ ಹೋಗುತ್ತದೆ. ನಾನಾದರೆ ಹಿಡಿಯನ್ನು ಮೊದಲು ನೋಡು ಅನ್ನುತ್ತೇನೆ. ಬಲ ಎಲ್ಲಿಂದ ಬರುತ್ತಿತ್ತು ಅನ್ನುವುದನ್ನು ಹಿಡಿ ಹೇಳುತ್ತದೆ. ಬಲ ಬರುವ ದಾರಿ ಗೊತ್ತಾದರೆ ಕೆಲಸದ ಅರ್ಧ ಗೊತ್ತಾದಂತೆ.

ಉಳಿಗಳನ್ನು ತೆಗೆದುಕೊಳ್ಳಿ. ಮರದ ಹಿಡಿಯ ತಲೆಗೆ ಕಬ್ಬಿಣದ ಬಳೆ ತೊಡಿಸಿದ್ದರೆ ಅದರ ಮೇಲೆ ಏಟು ಬೀಳುತ್ತಿತ್ತು ಅಂತ ಅರ್ಥ. ಬಳೆ ಇರುವುದೇ ಮರ ಸೀಳದಿರಲಿ ಎಂದು. ಹಿಡಿ ಉದ್ದಕ್ಕೆ, ನುಣುಪಾಗಿ, ತಲೆಯಲ್ಲಿ ಏಟಿನ ಗುರುತೇ ಇಲ್ಲದೆ ಇದ್ದರೆ ಅಂಗೈಯಲ್ಲಿ ಒತ್ತಿ ಕೆತ್ತುವ ಉಳಿ. ಹಿಡಿಯೇ ಇಲ್ಲದೆ ಪೂರ್ತಿ ಕಬ್ಬಿಣವಾಗಿ, ತಲೆ ಅಣಬೆಯ ಹಾಗೆ ಅರಳಿಕೊಂಡಿದ್ದರೆ ಅದಕ್ಕೆ ಬಿದ್ದದ್ದು ಸುತ್ತಿಗೆಯ ಏಟು. ಅದು ಕಲ್ಲಿಗೋ ಲೋಹಕ್ಕೋ ಬಳಸುವ ಚಾಣ. ಮರದ ಕೊಡತಿಯ ಏಟಿಗೆ ಕಬ್ಬಿಣ ಹಾಗೆ ಅರಳುವುದಿಲ್ಲ.

ಅಲಗು ಕಾವಿಗೆ, ಅಂದರೆ ಮರದ ಹಿಡಿಗೆ, ಯಾವ ದಿಕ್ಕಿನಲ್ಲಿದೆ ನೋಡಿ. ಕೊಡಲಿಯಲ್ಲಿ ಬಾಯಿ ಕಾವಿನ ಉದ್ದಕ್ಕೇ ಇರುತ್ತದೆ. ಬಾಚಿಯಲ್ಲಿ ಅಡ್ಡಕ್ಕೆ, ಗುದ್ದಲಿಯ ಹಾಗೆ. ಕೊಡಲಿಯಂತೆಯೇ ಕಾಣುವ, ಆದರೆ ಒಂದು ಮೈ ಪೂರ್ತಿ ಚಪ್ಪಟೆಯಾಗಿ ಇನ್ನೊಂದು ಮೈಯಲ್ಲಿ ಮಾತ್ರ ಮಸೆದ ಇಳಿಜಾರು ಇರುವ ಸಾಮಾನು ಸಿಕ್ಕರೆ ಅದು ಸೌದೆ ಒಡೆಯುವುದಕ್ಕಲ್ಲ. ದಿಮ್ಮಿಯ ಪಕ್ಕವನ್ನು ಸಮವಾಗಿ ಸವರಿ ತೊಲೆ ಮಾಡುವುದಕ್ಕೆ. ಚಪ್ಪಟೆ ಮೈ ಮರಕ್ಕೆ ಒರಗಿ ಜಾರುತ್ತದೆ, ಹಾಗಾಗಿ ಅಲಗು ಒಳಕ್ಕೆ ಕಚ್ಚುವುದಿಲ್ಲ. ಇಳಿಜಾರು ಯಾವ ಕಡೆ ಇದೆ ಅನ್ನುವುದರಿಂದ ಅದನ್ನು ಬಳಸಿದವರು ಬಲಗೈಯವರೋ ಎಡಗೈಯವರೋ ಅನ್ನುವುದೂ ತಿಳಿಯುತ್ತದೆ!

ಗರಗಸದ ಹಲ್ಲು ಹಿಡಿಯ ಕಡೆಗೆ ವಾಲಿದ್ದರೆ ಎಳೆದಾಗ ಕೊಯ್ಯುತ್ತದೆ, ಆಚೆಗೆ ವಾಲಿದ್ದರೆ ತಳ್ಳಿದಾಗ ಕೊಯ್ಯುತ್ತದೆ. ಕುಡುಗೋಲಿಗೂ ಇದೇ ಲೆಕ್ಕ. ಸಣ್ಣ ಹಲ್ಲಿನ ಹಗುರ ಕುಡುಗೋಲು ಬುಡ ಹಿಡಿದು ಎಳೆದು ಕೊಯ್ಯುವ ಪೈರಿನದ್ದು. ಹಲ್ಲಿಲ್ಲದ, ಬೆನ್ನು ದಪ್ಪಗಿರುವ ಭಾರದ ಕತ್ತಿ ಬೀಸಿ ಕಡಿಯುವ ಸೊಪ್ಪು ಸದೆಯದ್ದು.

ಹಿಡಿಯೇ ಇಲ್ಲದ ಉಪಕರಣವೂ ಇದೆ. ನೇಕಾರರ ಲಾಳಿ ಅಂಥದ್ದು. ನೇಕಾರಿಕೆ ನೋಡಿರದವರಿಗೆ ಅದು ಆಟಿಕೆ ದೋಣಿಯೋ ಶೋಪೀಸೋ ಅನಿಸುತ್ತದೆ. ಎರಡೂ ತುದಿ ಚೂಪು, ನಡುವೆ ಟೊಳ್ಳು, ಪಕ್ಕದಲ್ಲಿ ಒಂದು ಸಣ್ಣ ಕಣ್ಣು. ಟೊಳ್ಳಿನಲ್ಲಿ ನೂಲು ಸುತ್ತಿದ ಕಂಡಿಕೆ ಕೂರುತ್ತದೆ, ಪಕ್ಕದ ಕಣ್ಣಿನಿಂದ ಎಳೆ ಹೊರಬರುತ್ತದೆ. ಸರಿ, ತುದಿಗೆ ಲೋಹದ ಮೊನೆ ಯಾಕೆ? ಕೈಯಿಂದ ಕೈಗೆ ಎಸೆಯುವ ಲಾಳಿಗೆ ಅದು ಬೇಕಾಗುವುದಿಲ್ಲ. ಲೋಹದ ಮೊನೆ ಇದೆ ಅಂದರೆ ಆ ಲಾಳಿಯನ್ನು ಕೈ ಎಸೆಯುತ್ತಿರಲಿಲ್ಲ. ಹಗ್ಗ ಎಳೆದಾಗ ಮಗ್ಗದ ಒಂದು ತುಂಡು ಬಂದು ಅದರ ಹಿಂಬದಿಗೆ ಗುದ್ದುತ್ತಿತ್ತು, ಲಾಳಿ ಆ ಕಡೆಗೆ ಹಾರುತ್ತಿತ್ತು. ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಪೇಟೆಂಟ್ ಪಡೆದ ಹಾರುವ ಲಾಳಿಯ ವ್ಯವಸ್ಥೆ ಇದು. ಆಮೇಲೆ ನಮ್ಮ ಕುಣಿ ಮಗ್ಗಗಳಿಗೂ ಬಂತು. ಅಂದರೆ ತುದಿಯ ಒಂದು ಚೂರು ಲೋಹ ಸಾಕು, ಇಡೀ ಮಗ್ಗ ಎಂಥದ್ದು ಅಂತ ಹೇಳಬಹುದು.

ತೂತಿನ ಪಟ್ಟಿ: ಮೂರು ಸಾಮಾನು, ಮೂರು ಕಸುಬು

ಈಗ ನಿಜಕ್ಕೂ ಗೊಂದಲ ಮಾಡುವ ಒಂದು ಉದಾಹರಣೆ. ಅಂಗೈಯಷ್ಟು ಉದ್ದದ ಉಕ್ಕಿನ ಪಟ್ಟಿ ಸಿಕ್ಕಿದೆ ಅಂದುಕೊಳ್ಳಿ. ಅದರಲ್ಲಿ ಬೇರೆ ಬೇರೆ ಅಳತೆಯ ತೂತು ಅಥವಾ ಕಚ್ಚುಗಳ ಸಾಲು. ನೋಡಿದವರೆಲ್ಲ "ಅಳತೆ ಪಟ್ಟಿ ಇರಬೇಕು" ಅನ್ನುತ್ತಾರೆ. ಇರಬಹುದು. ಆದರೆ ಕನಿಷ್ಠ ಮೂರು ಬೇರೆ ಬೇರೆ ಉಪಕರಣ ಹೀಗೇ ಕಾಣುತ್ತವೆ.

ಮೊದಲನೆಯದು ಅಕ್ಕಸಾಲಿಗರ ಕಂಬಚ್ಚು. ಚಿನ್ನ ಬೆಳ್ಳಿಯ ಕಂಬಿಯನ್ನು ಸಣ್ಣ ಮಾಡುವುದಕ್ಕೆ ಇರುವಂಥದ್ದು. ಇದನ್ನು ಗುರುತಿಸಲು ಪಟ್ಟಿಯನ್ನು ಬೆಳಕಿಗೆ ಹಿಡಿದು ಎರಡೂ ಮೈ ನೋಡಬೇಕು. ಕಂಬಚ್ಚಿನ ತೂತು ನೇರ ಇರುವುದಿಲ್ಲ. ಹಿಂಬದಿಯಲ್ಲಿ ಅಗಲ, ಮುಂಬದಿಗೆ ಬರುತ್ತಾ ಕಿರಿದು, ಆಲಿಕೆಯಂತೆ. ಒಂದರ ಪಕ್ಕ ಒಂದು ತೂತು ಸ್ವಲ್ಪ ಸ್ವಲ್ಪವೇ ಚಿಕ್ಕದಾಗುತ್ತಾ ಹೋಗುತ್ತದೆ. ಕಂಬಿಯ ತುದಿಯನ್ನು ಅರದಲ್ಲಿ ಉಜ್ಜಿ ಮೊನೆ ಮಾಡಿ, ಅಗಲದ ಕಡೆಯಿಂದ ತೂರಿಸಿ, ಈ ಕಡೆ ಇಣುಕಿದ ಮೊನೆಯನ್ನು ಇಕ್ಕಳದಲ್ಲಿ ಹಿಡಿದು ಎಳೆಯುತ್ತಾರೆ. ಜಾರಲೆಂದು ಮೇಣ ಹಚ್ಚುತ್ತಾರೆ. ಕಂಬಿ ಸಣ್ಣಗೆ ಉದ್ದಕ್ಕೆ ಆಗುತ್ತದೆ, ಜೊತೆಗೆ ಗಡುಸೂ ಆಗುತ್ತದೆ. ಆಗ ಬೆಂಕಿಗೆ ಹಿಡಿದು ಮೆದು ಮಾಡಿಕೊಂಡು ಮುಂದಿನ ತೂತಿಗೆ ಹೋಗುತ್ತಾರೆ. ತೂತುಗಳ ನಡುವಿನ ವ್ಯತ್ಯಾಸ ಅಷ್ಟು ಕಡಿಮೆ ಇರುವುದೂ ಇದೇ ಕಾರಣಕ್ಕೆ. ಒಂದೇ ಸಲ ಜಾಸ್ತಿ ಸಣ್ಣ ಮಾಡಹೋದರೆ ಕಂಬಿ ತುಂಡಾಗುತ್ತದೆ.

ಹಳೇ ಕಂಬಚ್ಚಿನ ಕಿರಿದಾದ ಮೈಯಲ್ಲಿ ತೂತಿನ ಸುತ್ತ ಸಣ್ಣ ಸಣ್ಣ ಸುತ್ತಿಗೆ ಏಟು ಕಾಣಬಹುದು. ಯಾರೋ ಹಾಳು ಮಾಡಿದ್ದಾರೆ ಅಂದುಕೊಳ್ಳಬೇಡಿ. ಎಳೆದು ಎಳೆದು ತೂತು ಹಿಗ್ಗಿದಾಗ ಸುತ್ತ ಬಡಿದು ಮುಚ್ಚಿಸಿ, ಮತ್ತೆ ಮೊಳೆಯಲ್ಲಿ ಅಳತೆಗೆ ಸರಿಯಾಗಿ ಕೊರೆದುಕೊಳ್ಳುವುದು ಹಳೇ ರೂಢಿ. ಆ ಏಟುಗಳು ರಿಪೇರಿಯ ಗುರುತು.

ಎರಡನೆಯದು ನಿಜವಾದ ಅಳತೆಯ ಸಾಮಾನು, ತಂತಿ ಮತ್ತು ತಗಡಿನ ಗೇಜು. ಇದು ಪಟ್ಟಿಯಾಗಿಯೂ ಇರುತ್ತದೆ, ಬಹಳ ಸಲ ದುಂಡಗಿನ ಬಿಲ್ಲೆ. ಅಂಚಿನ ಸುತ್ತ ಕಚ್ಚುಗಳಿರುತ್ತವೆ, ಪ್ರತಿ ಕಚ್ಚಿನ ಒಳತುದಿಯಲ್ಲಿ ಒಂದು ದುಂಡು ತೂತು, ಪಕ್ಕದಲ್ಲಿ ಒಂದು ನಂಬರು. ತಂತಿಯನ್ನು ದುಂಡು ತೂತಿಗೆ ಹಾಕಿ ಅಳೆಯಲು ಹೋಗುವವರೇ ಹೆಚ್ಚು. ಅಳತೆ ಇರುವುದು ಕಚ್ಚಿನ ಅಗಲದಲ್ಲಿ. ದುಂಡು ತೂತು, ಕಚ್ಚನ್ನು ದಾಟಿ ಬಂದ ತಂತಿಯನ್ನು ಸಲೀಸಾಗಿ ಹೊರತೆಗೆಯಲು ಬಿಟ್ಟ ಜಾಗ ಅಷ್ಟೇ. ಇಲ್ಲಿ ತೂತು, ಕಚ್ಚು ಎರಡೂ ನೇರ, ಆಲಿಕೆಯ ಇಳಿಜಾರು ಇಲ್ಲ. ಸುತ್ತಿಗೆಯ ಏಟೂ ಇರುವುದಿಲ್ಲ, ಅಳತೆಯ ಸಾಮಾನಿಗೆ ಯಾರು ಬಡಿಯುತ್ತಾರೆ ಹೇಳಿ?

ಈ ಗೇಜಿನ ನಂಬರುಗಳಲ್ಲಿ ಒಂದು ಸ್ವಾರಸ್ಯ ಇದೆ. ನಂಬರು ಹೆಚ್ಚಾದಷ್ಟೂ ತಂತಿ ಸಣ್ಣ. ಬ್ರಿಟನ್ನಿನಲ್ಲಿ 1884ರಲ್ಲಿ ಕಾನೂನಿನ ಅಳತೆಯಾದ ಗೇಜಿನ ಪ್ರಕಾರ 10 ಗೇಜು ಅಂದರೆ 3.25 ಮಿಲಿಮೀಟರ್, 14 ಗೇಜು ಸುಮಾರು 2 ಮಿಲಿಮೀಟರ್, 22 ಗೇಜು ಸುಮಾರು 0.7 ಮಿಲಿಮೀಟರ್. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಬೇಲಿ ತಂತಿ ಕೇಳುವಾಗ ಇವತ್ತಿಗೂ ಗೇಜು ಲೆಕ್ಕದಲ್ಲೇ ಕೇಳುತ್ತೇವೆ. ಲೆಕ್ಕ ತಲೆಕೆಳಗಾಗಿರುವುದರ ಮೂಲ ಕಂಬಚ್ಚಿನಲ್ಲಿದೆ. ಹೆಚ್ಚು ಸಲ ಎಳೆದ ತಂತಿ ಹೆಚ್ಚು ಸಣ್ಣ, ನಂಬರು ಏರುತ್ತಿದ್ದದ್ದು ಎಳೆತದ ಜೊತೆಗೆ. ಮೊದಲ ಸಾಮಾನು ಅರ್ಥವಾದರೆ ಎರಡನೆಯದರ ನಂಬರೂ ಅರ್ಥವಾಗುತ್ತದೆ.

ಮೂರನೆಯದು ಬಡಗಿಗಳದ್ದು. ಪಟ್ಟಿಯ ಅಂಚಿನಲ್ಲಿ ನಾಲ್ಕಾರು ಸೀಳು, ಒಂದೊಂದು ಒಂದೊಂದು ಅಗಲ, ಒಂದು ತುದಿ ಉದ್ದಕ್ಕೆ ಹಿಡಿಯಂತೆ ಚಾಚಿಕೊಂಡಿರುತ್ತದೆ. ನಂಬರು ಸಾಮಾನ್ಯವಾಗಿ ಇರುವುದಿಲ್ಲ. ಇದು ಗರಗಸದ ಹಲ್ಲಿಗೆ ಸೆಟ್ ಕೊಡುವ ಸಾಮಾನು. ಗರಗಸದ ಹಲ್ಲು ಒಂದು ಎಡಕ್ಕೆ, ಒಂದು ಬಲಕ್ಕೆ ಸ್ವಲ್ಪ ಬಾಗಿರಬೇಕು. ಆಗ ಕೊಯ್ದ ಜಾಡು ಗರಗಸದ ಮೈಗಿಂತ ಅಗಲವಾಗಿ, ಗರಗಸ ಸಿಕ್ಕಿಕೊಳ್ಳದೆ ಓಡಾಡುತ್ತದೆ. ಸೀಳನ್ನು ಹಲ್ಲಿಗೆ ಸಿಕ್ಕಿಸಿ, ಉದ್ದದ ಹಿಡಿ ಹಿಡಿದು ಮೆಲ್ಲಗೆ ತಿರುಚಿದರೆ ಹಲ್ಲು ಬಾಗುತ್ತದೆ. ಗರಗಸಗಳ ದಪ್ಪ ಬೇರೆ ಬೇರೆ, ಅದಕ್ಕೇ ಸೀಳುಗಳ ಅಗಲವೂ ಬೇರೆ ಬೇರೆ. ಸೀಳಿನ ಬಾಯಿಯ ಮೂಲೆಗಳು ಜಜ್ಜಿದಂತೆ, ಸವೆದಂತೆ ಇದ್ದರೆ ಇದೇ ಅಂತ ಧೈರ್ಯವಾಗಿ ಹೇಳಬಹುದು. ಗೇಜಿನ ಕಚ್ಚಿಗೆ ತಿರುಚುವ ಬಲ ಬೀಳುವುದೇ ಇಲ್ಲ.

ನೋಡಿ, ಮೂರೂ "ತೂತಿನ ಪಟ್ಟಿ"ಯೇ. ಒಂದರಲ್ಲಿ ಎಳೆಯುತ್ತಾರೆ, ಒಂದರಲ್ಲಿ ಅಳೆಯುತ್ತಾರೆ, ಒಂದರಲ್ಲಿ ತಿರುಚುತ್ತಾರೆ. ಬೇರ್ಪಡಿಸಿದ್ದು ತೂತಿನ ಒಳಗಿನ ಇಳಿಜಾರು, ನಂಬರು, ಸವೆತ ಬಿದ್ದ ಜಾಗ. ಮೊಬೈಲಿನಲ್ಲಿ ಫೋಟೋ ತೆಗೆದು ಹುಡುಕಿದರೆ ಆಕಾರ ಹೋಲುವ ಹತ್ತು ಚಿತ್ರ ಬರುತ್ತವೆ, ಅದು ಒಳ್ಳೆಯ ಶುರುವಾತೇ. ಆದರೆ ತೂತಿನ ಒಳಮೈ, ತೂಕ, ಜಜ್ಜಿದ ಮೂಲೆ ಇವು ಒಂದೇ ಫೋಟೋದಲ್ಲಿ ಸಿಗುವುದಿಲ್ಲ. ಆಕಾರ ನೋಡಿ ಮಾತ್ರ ತೀರ್ಮಾನಿಸಿದರೆ ಕಂಬಚ್ಚು ಗೇಜಾಗಿಬಿಡುತ್ತದೆ.

ಹಿಡಿಯ ತುದಿಗೆ ಸಣ್ಣ ಗಾಲಿ ಇರುವ ಸಾಮಾನಿಗೂ ಇದೇ ಕಥೆ. ಗಾಲಿ ಹಿತ್ತಾಳೆಯದ್ದಾಗಿ ಅಂಚು ಅಲೆ ಅಲೆಯಾಗಿದ್ದರೆ ಕರ್ಜಿಕಾಯಿಯ ಅಂಚು ಕತ್ತರಿಸುವಂಥದ್ದು. ಸೂಜಿಯಂಥ ಹಲ್ಲಿದ್ದರೆ ಟೈಲರು ಕಾಗದದ ಗುರುತನ್ನು ಬಟ್ಟೆಗೆ ಇಳಿಸುವಂಥದ್ದು. ಮೊಂಡು ಹಲ್ಲು ದೂರ ದೂರಕ್ಕೆ, ಸಮನಾದ ಅಂತರದಲ್ಲಿದ್ದರೆ ಚರ್ಮದ ಮೇಲೆ ಹೊಲಿಗೆಯ ಜಾಗ ಗುರುತಿಸುವಂಥದ್ದು.

ನುಣುಪು ಮಾಡಿದ ಅಂಚು, ಒಂಟಿಯಾಗಿ ಸಿಕ್ಕ ತುಂಡು

ಅಂಚು ಚೂಪಾಗಿದ್ದರೆ ಕಾರಣ ಸುಲಭವಾಗಿ ಹೊಳೆಯುತ್ತದೆ. ಬೇಕಂತಲೇ ನುಣುಪು ಮಾಡಿದ ಅಂಚು ಸಿಕ್ಕಾಗ ಸ್ವಲ್ಪ ನಿಂತು ಯೋಚಿಸಬೇಕು. ಅದು ಯಾವುದೋ ಮೆತ್ತನೆಯ ವಸ್ತುವಿಗೆ, ಇಲ್ಲವೇ ಜೀವ ಇರುವ ಮೈಗೆ ತಾಗುತ್ತಿತ್ತು.

ದನದ ಕೊಟ್ಟಿಗೆಯ ಗಳುವಿಗೆ ಸಿಕ್ಕಿಸಿದ್ದ ಬಿದಿರಿನ ತುಂಡೊಂದು ಸಿಕ್ಕಿತು ಅನ್ನಿ. ಒಂದು ತುದಿ ಗೆಣ್ಣಿನಿಂದ ಮುಚ್ಚಿಕೊಂಡಿದೆ, ಇನ್ನೊಂದು ತುದಿಯನ್ನು ಓರೆಯಾಗಿ ಕಡಿದಿದ್ದಾರೆ. ಲೋಟವೇ? ಲೋಟ ಆಗಿದ್ದರೆ ಬಾಯಿ ಓರೆ ಯಾಕೆ? ಕೊಳಲಿನ ಗಾತ್ರ ಅಲ್ಲ, ತೂತೂ ಇಲ್ಲ. ಓರೆ ಕಡಿದ ಅಂಚಿಗೆ ಬೆರಳು ಸವರಿ ನೋಡಿ. ಬಿದಿರನ್ನು ಕಡಿದರೆ ಅಂಚು ಬ್ಲೇಡಿನಷ್ಟು ಹರಿತ ಇರುತ್ತದೆ, ಇಲ್ಲಿ ಯಾರೋ ಕೂತು ಉಜ್ಜಿ ಉಜ್ಜಿ ನುಣುಪು ಮಾಡಿದ್ದಾರೆ. ಇದು ಗೊಟ್ಟ. ದನಕ್ಕೆ ಔಷಧಿ ಕುಡಿಸುವಂಥದ್ದು. ಮುಚ್ಚಿದ ತುದಿಯಿಂದಾಗಿ ಕಷಾಯ ನಿಲ್ಲುತ್ತದೆ. ಓರೆ ಬಾಯಿ ದವಡೆಯ ಪಕ್ಕದಿಂದ ಸಲೀಸಾಗಿ ಒಳಗೆ ಹೋಗುತ್ತದೆ. ನುಣುಪಾದ ಅಂಚಿನಿಂದ ಬಾಯಿ ಗಾಯವಾಗುವುದಿಲ್ಲ. ಬಿದಿರೇ ಯಾಕೆ? ಗಾಜಾಗಿದ್ದರೆ ದನ ಕಚ್ಚಿದರೆ ಒಡೆಯುತ್ತದೆ. ಪ್ರತಿಯೊಂದಕ್ಕೂ ಉತ್ತರ ಸಿಕ್ಕಿತಲ್ವಾ? ನನಗೆ ಇದು ತುಂಬಾ ಇಷ್ಟದ ಸಾಮಾನು. ಮಾಡಿದವರು ಹಸುವಿನ ನೋವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು ಅನ್ನುವುದು ಆ ಅಂಚಿನಲ್ಲೇ ಇದೆ.

ಇನ್ನು ಕೆಲವು ಸಾಮಾನು ಗುರುತು ಸಿಗದಿರುವುದು ಅವು ಪೂರ್ತಿ ಸಾಮಾನೇ ಅಲ್ಲದಿರುವುದರಿಂದ. ಕೂರಿಗೆ ಬಟ್ಟಲು ಒಳ್ಳೆಯ ಉದಾಹರಣೆ. ಗಟ್ಟಿ ಮರದಲ್ಲಿ ಕೊರೆದ ಭಾರದ ಬಟ್ಟಲು, ತಳದಲ್ಲಿ ಮೂರೋ ನಾಲ್ಕೋ ತೂತು. ಬಟ್ಟಲು ಅಂದುಕೊಂಡರೆ ಸೋರುತ್ತದೆ, ಜರಡಿ ಅಂದುಕೊಂಡರೆ ತೂತು ಕಡಿಮೆ ಮತ್ತು ದೊಡ್ಡದು. ತೂತುಗಳನ್ನು ಸರಿಯಾಗಿ ನೋಡಿದರೆ ಅವು ನೇರ ಕೆಳಕ್ಕೆ ಹೋಗುವುದಿಲ್ಲ, ಓರೆಯಾಗಿ ಬೇರೆ ಬೇರೆ ದಿಕ್ಕಿಗೆ ಹರಡಿಕೊಳ್ಳುತ್ತವೆ. ಅಂದರೆ ಅಲ್ಲಿಂದ ಏನೋ ಬೇರೆ ಬೇರೆ ಕಡೆಗೆ ಹೋಗಬೇಕಿತ್ತು. ಹೌದು, ಬೀಜ. ಒಂದೊಂದು ತೂತಿಗೂ ಒಂದೊಂದು ಬಿದಿರ ಕೊಳವೆ, ಒಂದೊಂದು ಕೊಳವೆಯೂ ಬೀಜ ಬಿತ್ತುವ ಕೂರಿಗೆಯ ಒಂದೊಂದು ತಾಳಿಗೆ, ಅಂದರೆ ನೆಲ ಸೀಳುವ ಕಾಲಿಗೆ. ಬಟ್ಟಲಿಗೆ ಹಿಡಿ ಹಿಡಿ ಬೀಜ ಬಿಡುತ್ತಾ ಹೋದರೆ ಎಲ್ಲ ಸಾಲಿಗೂ ಒಟ್ಟಿಗೆ ಬಿತ್ತನೆ. ತೂತು ಎಣಿಸಿದರೆ ಕೂರಿಗೆ ಎಷ್ಟು ತಾಳಿನದ್ದು ಅಂತ ಗೊತ್ತಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ 1800–01ರಲ್ಲಿ ಮೈಸೂರು ಸೀಮೆ ಸುತ್ತಿ ಬರೆದು 1807ರಲ್ಲಿ ಅಚ್ಚಾದ ವರದಿಯಲ್ಲಿ ನಮ್ಮ ಕೂರಿಗೆಯ ವಿವರ, ಬೇಸಾಯದ ಸಾಮಾನುಗಳ ಚಿತ್ರ ಇವೆ. ಹಳೇ ಕೃಷಿ ಸಾಮಾನು ಹುಡುಕುವವರು ಅದನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಎತ್ತಿನ ಲಾಳವೂ ಹೀಗೇ ದಾರಿ ತಪ್ಪಿಸುತ್ತದೆ. ಕುದುರೆ ಲಾಳ ಎಲ್ಲರಿಗೂ ಗೊತ್ತು. ಎತ್ತಿನ ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು ಚಪ್ಪಟೆ ಬಿಲ್ಲೆ ಬೇಕು. ಒಂಟಿ ಬಿಲ್ಲೆ ಸಿಕ್ಕರೆ ಬಾಗಿಲಿನ ತಗಡೋ ಪೆಟ್ಟಿಗೆಯ ಮೂಲೆಪಟ್ಟಿಯೋ ಅನಿಸುತ್ತದೆ. ಒಂದು ಪಕ್ಕದಲ್ಲಿ ಮಾತ್ರ ಮೊಳೆ ತೂತು, ಕೆಳಮೈ ಉಜ್ಜಿ ತೆಳುವಾಗಿರುವುದು ನೋಡಿದರೆ ಅನುಮಾನ ಪರಿಹಾರವಾಗುತ್ತದೆ.

ಸವೆತ ಎಲ್ಲಿ ಬಿದ್ದಿದೆ

ಸವೆತ ಓದುವುದು ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಸೋವಿಯತ್ ಪುರಾತತ್ತ್ವಜ್ಞ ಸೆರ್ಗೈ ಸೆಮೆನೊವ್ ಕಲ್ಲಿನ ಉಪಕರಣಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅಂಚಿನ ಗೀರು ಮತ್ತು ಹೊಳಪಿನಿಂದ ಕೆಲಸ ಗುರುತಿಸುವ ದಾರಿ ತೋರಿಸಿದರು. ಅವರ ಕೃತಿ ಬಂದದ್ದು 1957ರಲ್ಲಿ. ಹುಲ್ಲು, ಧಾನ್ಯದ ದಂಟುಗಳಲ್ಲಿ ಸಿಲಿಕಾ ಇರುತ್ತದೆ. ಅವನ್ನು ಕೊಯ್ದು ಕೊಯ್ದು ಕಲ್ಲಿನ ಅಲಗಿನ ಅಂಚಿಗೆ ಗಾಜಿನಂಥ ಹೊಳಪು ಬರುತ್ತದೆ. ಪಶ್ಚಿಮ ಏಷ್ಯಾದಲ್ಲಿ ಸಿಕ್ಕ ಹತ್ತು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಅಲಗುಗಳ ಮೇಲೂ ಈ ಹೊಳಪಿದೆ. ಹಿಡಿ ಕೊಳೆತುಹೋಗಿದೆ, ಬಳಸಿದವರು ಬಿಟ್ಟ ಬರಹ ಇಲ್ಲ, ಆದರೂ ಕುಡುಗೋಲಿನ ಕೆಲಸ ಅಂತ ಹೇಳಲು ಆ ಹೊಳಪು ಸಾಕಾಗುತ್ತದೆ.

ನಮ್ಮ ಮನೆಯ ಸಾಮಾನಿಗೆ ಸೂಕ್ಷ್ಮದರ್ಶಕ ಬೇಡ. ಒಂದು ಭೂತಗನ್ನಡಿ, ಓರೆಯಾಗಿ ಬೀಳುವ ಟಾರ್ಚ್ ಬೆಳಕು ಸಾಕು. ಹೆಬ್ಬೆರಳು ಒತ್ತಿ ಆದ ತಗ್ಗು, ಹಗ್ಗ ಉಜ್ಜಿ ಬಿದ್ದ ಜಾಡು, ಒಂದೇ ಪಕ್ಕ ತೆಳುವಾದ ಅಲಗು ಎಲ್ಲ ಎದ್ದು ಕಾಣುತ್ತವೆ.

ಸವೆತ ಇಲ್ಲದಿರುವುದೂ ಸಾಕ್ಷಿಯೇ. ಅದಕ್ಕೆ ಜಗತ್ಪ್ರಸಿದ್ಧ ಉದಾಹರಣೆ ರೋಮನ್ನರ ಕಾಲದ ಹನ್ನೆರಡು ಮುಖದ ಕಂಚಿನ ಟೊಳ್ಳು ಗೋಳ. ಪ್ರತಿ ಮುಖದಲ್ಲೂ ಒಂದು ದುಂಡು ತೂತು, ಒಂದೊಂದು ಒಂದೊಂದು ಅಳತೆ, ಪ್ರತಿ ಮೂಲೆಗೂ ಒಂದು ಗುಂಡು. 1739ರಿಂದ ಈಚೆಗೆ ಇಂಥವು ನೂರಕ್ಕೂ ಹೆಚ್ಚು ಸಿಕ್ಕಿವೆ. ಬ್ರಿಟನ್, ಫ್ರಾನ್ಸ್, ಜರ್ಮನಿ ಕಡೆ ಸಿಗುತ್ತವೆ, ಇಟಲಿಯಲ್ಲಿ ಸಿಕ್ಕಿಲ್ಲ. ರೋಮನ್ ಬರಹಗಳಲ್ಲಿ ಎಲ್ಲೂ ಇದರ ಮಾತಿಲ್ಲ. ದೂರ ಅಳೆಯುವ ಸಾಧನ, ಕ್ಯಾಂಡಲ್ ಸ್ಟ್ಯಾಂಡ್, ಕೈಗವಸು ಹೆಣೆಯುವ ಸಾಮಾನು ಅಂತ ಊಹೆ ಬೇಕಾದಷ್ಟು. 2023ರಲ್ಲಿ ಇಂಗ್ಲೆಂಡಿನ ನಾರ್ಟನ್ ಡಿಸ್ನಿ ಊರಿನಲ್ಲಿ ಪೂರ್ತಿಯಾದದ್ದೊಂದು ಸಿಕ್ಕಿತು. ಅದರ ಮೇಲೆ ಬಳಸಿದ ಸವೆತವೇ ಇರಲಿಲ್ಲ. ಉಜ್ಜುವ, ಎಳೆಯುವ ಉಪಕರಣ ಅನ್ನುವ ಊಹೆಗಳಿಗೆ ಇದು ದೊಡ್ಡ ಏಟು. ಅಳತೆಯ ಸಾಮಾನು ಅನ್ನುವುದಕ್ಕೂ ತೊಡಕಿದೆ, ಯಾಕೆಂದರೆ ಒಂದರ ತೂತಿನ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ. ಆ ಗೋಳದ ಕೆಲಸ ಇವತ್ತಿಗೂ ಯಾರಿಗೂ ಖಚಿತವಿಲ್ಲ. ಊಹೆಯನ್ನು ಊಹೆ ಅಂತಲೇ ಬರೆದಿಡುವುದು ಅವಮಾನವಲ್ಲ.

ಅರ್ಧಕ್ಕೇ ಬಿಟ್ಟ ಸಾಮಾನಿಗೂ ಸವೆತ ಇರುವುದಿಲ್ಲ. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಕಪ್ಪು ಡೋಲರೈಟ್ ಕಲ್ಲಿನಿಂದ ದೊಡ್ಡ ಪ್ರಮಾಣದಲ್ಲಿ ಕೊಡಲಿ ಮಾಡುತ್ತಿದ್ದರು. ಚಕ್ಕೆ ಎಬ್ಬಿಸಿ ಬಿಟ್ಟ, ಇನ್ನೂ ಮಸೆಯದ ಕಲ್ಲು ನೋಡಿದರೆ ಬೇರೆಯದೇ ಉಪಕರಣ ಅನಿಸುತ್ತದೆ. ಅದು ಹುಟ್ಟುತ್ತಿದ್ದ ಕೊಡಲಿ.

ಎರಡು ಹಿಡಿ ಎರಡು ತರ ಇರುವ ಇಕ್ಕಳ

ಕೆಜಿಎಫ್ ಕಡೆಯಲ್ಲೋ, ಕಲ್ಲು ಕ್ವಾರಿ ಇದ್ದ ಊರಿನಲ್ಲೋ ಸಿಗಬಹುದಾದ ಒಂದು ಸಾಮಾನನ್ನು ಎಚ್ಚರಿಕೆಗಾಗಿ ಹೇಳುತ್ತೇನೆ. ನೋಡಲು ಇಕ್ಕಳ. ಆದರೆ ಒಂದು ಹಿಡಿಯ ತುದಿ ಚೂಪು, ಇನ್ನೊಂದರ ತುದಿ ಸ್ಕ್ರೂ ಡ್ರೈವರ್‌ನಂತೆ ಚಪ್ಪಟೆ. ಬಾಯಿಯಲ್ಲಿ ದುಂಡಗಿನ ಕಚ್ಚು, ಎಷ್ಟು ಒತ್ತಿದರೂ ಆ ಕಚ್ಚು ಪೂರ್ತಿ ಮುಚ್ಚುವುದಿಲ್ಲ. ಮುಚ್ಚದಿರುವುದೇ ಇಲ್ಲಿ ಸುಳಿವು. ಯಾವುದೋ ತೆಳು ಕೊಳವೆಯನ್ನು ತುಂಡಾಗದಂತೆ, ಬರೀ ಹಿಸುಕಬೇಕಿತ್ತು. ಆ ಕೊಳವೆ ಸಿಡಿಮದ್ದನ್ನು ಸಿಡಿಸುವ ಕೇಪು. ಅದರೊಳಗೆ ಬತ್ತಿ ತೂರಿಸಿ, ಕಳಚದಂತೆ ಬಾಯಿ ಹಿಸುಕುವ ಇಕ್ಕಳ ಇದು. ಚೂಪು ತುದಿ ಮದ್ದಿನ ಕಡ್ಡಿಗೆ ಕೇಪು ಕೂರಿಸಲು ತೂತು ಮಾಡುವುದಕ್ಕೆ.

ಇಕ್ಕಳದಿಂದ ಅಪಾಯವಿಲ್ಲ. ಅದರ ಜೊತೆ ಪೆನ್ಸಿಲಿನಷ್ಟು ದಪ್ಪದ, ಒಂದು ತುದಿ ಮುಚ್ಚಿದ ಲೋಹದ ಸಣ್ಣ ಕೊಳವೆಗಳಿದ್ದರೆ ಮುಟ್ಟಬೇಡಿ, ಉಜ್ಜಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಪೊಲೀಸರಿಗೆ ತಿಳಿಸಿ. ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ, ಆದರೆ ಕೇಪು ಹಳೆಯದಾದಷ್ಟೂ ಸುರಕ್ಷಿತ ಅಂತೇನೂ ಇಲ್ಲ.

ಅಕ್ಷರ, ಅಳತೆ, ಆಮೇಲೆ ಜನ

ಅಚ್ಚೊತ್ತಿದ ಅಕ್ಷರ ಇದ್ದರೆ ಕಾಲ ಹೇಳಲು ಅನುಕೂಲ. "ಮೇಡ್ ಇನ್ ಜರ್ಮನಿ" ಅನ್ನುವ ಬರಹ ಹಬ್ಬಿದ್ದು 1887ರ ಬ್ರಿಟಿಷ್ ಕಾಯ್ದೆಯ ನಂತರ. "ವೆಸ್ಟ್ ಜರ್ಮನಿ" ಅಂತಿದ್ದರೆ 1949ರಿಂದ 1990ರ ನಡುವಿನದ್ದು. ತೊಲ, ಸೇರು, ರತ್ತಲಿನ ಗುರುತಿದ್ದರೆ 1956ರ ತೂಕ ಅಳತೆ ಕಾಯ್ದೆ ಬಂದು ಕಿಲೋ ಗ್ರಾಂ ನೆಲೆಯೂರುವುದಕ್ಕಿಂತ ಹಿಂದಿನದ್ದಿರಬೇಕು. ಆದರೆ ಅಕ್ಷರ ಕಾಲ ಹೇಳುತ್ತದೆ, ಕೆಲಸ ಹೇಳುವುದು ಕಡಿಮೆ.

ಕೆಲಸ ಹೇಳುವವರು ಜನ. ಹಳ್ಳಿಯ ಕಮ್ಮಾರರು, ಬಡಗಿಗಳು, ವಯಸ್ಸಾದ ರೈತರು, ಮನೆಯ ಅಜ್ಜಿಯರು. ಅವರನ್ನು ಕೇಳುವುದಕ್ಕೂ ಒಂದು ಕ್ರಮ ಇದೆ. "ಇದು ಗೇಜು ಅಲ್ವಾ ಅಜ್ಜಾ?" ಅಂತ ಕೇಳಬೇಡಿ. ನಮ್ಮ ಊಹೆ ಮೊದಲೇ ಹೇಳಿಬಿಟ್ಟರೆ ದೊಡ್ಡವರು ದಾಕ್ಷಿಣ್ಯಕ್ಕೆ ಹೌದು ಅಂದುಬಿಡಬಹುದು. "ಇದೇನು?" ಅಂತಲೂ ಕೇಳದೆ ಸಾಮಾನನ್ನು ಕೈಗೆ ಕೊಟ್ಟು ನೋಡಿ. ಬಳಸಿ ಗೊತ್ತಿರುವವರ ಕೈ ಅದನ್ನು ತಿರುಗಿಸಿ, ಸರಿಯಾದ ಕಡೆ ಹಿಡಿದುಕೊಳ್ಳುತ್ತದೆ. ಹೆಬ್ಬೆರಳು ಹೋಗಿ ಸವೆದ ತಗ್ಗಿನಲ್ಲೇ ಕೂರುತ್ತದೆ. ಬಾಯಿಂದ ಹೆಸರು ಬರುವ ಮೊದಲೇ ಕೆಲಸ ಗೊತ್ತಾಗಿರುತ್ತದೆ. ಸಾಧ್ಯವಾದರೆ ಮಾಡಿ ತೋರಿಸಲು ಕೇಳಿ, ವಿಡಿಯೋ ಮಾಡಿಕೊಳ್ಳಿ. ಹೆಸರು ಊರಿಂದೂರಿಗೆ ಬದಲಾಗುತ್ತದೆ, ಕೈಯ ಚಲನೆ ಅಷ್ಟು ಬದಲಾಗುವುದಿಲ್ಲ.

ಹೋಲಿಸಿ ನೋಡಲು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಜಾನಪದ ಲೋಕ, ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಇವೆ. ಫೋಟೋ ಕಳಿಸಿ ಯಾರನ್ನಾದರೂ ಕೇಳುವುದಾದರೆ ಎರಡೂ ಮೈ, ಅಲಗಿನ ಅಂಚು ಎದುರಿನಿಂದ, ತೂತು ಹತ್ತಿರದಿಂದ, ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು ತೆಗೆಯಿರಿ. ನಾಣ್ಯ ಬೇಡ, ನಮ್ಮ ನಾಣ್ಯಗಳ ಗಾತ್ರ ಪದೇ ಪದೇ ಬದಲಾಗಿದೆ. ತೂಕವನ್ನೂ ಬರೆಯಿರಿ.

ಗುರುತು ಸಿಕ್ಕ ಮೇಲೆ ಒಂದು ಚೀಟಿ ಬರೆದು ದಾರದಲ್ಲಿ ಸಾಮಾನಿಗೇ ಕಟ್ಟಿ. ಯಾವ ಊರಲ್ಲಿ ಸಿಕ್ಕಿತು, ಆ ಊರಲ್ಲಿ ಏನಂತಾರೆ, ಯಾವ ಕೆಲಸಕ್ಕೆ ಬಳಸುತ್ತಿದ್ದರು, ಹೇಳಿದವರು ಯಾರು, ಅವರು ತಾವೇ ಬಳಸಿದ್ದರೋ ಬಳಸಿದ್ದನ್ನು ನೋಡಿದ್ದರೋ, ಯಾವ ವರ್ಷ ಹೇಳಿದರು ಇಷ್ಟು ಇರಲಿ. ಇಬ್ಬರು ಎರಡು ಉತ್ತರ ಕೊಟ್ಟಿದ್ದರೆ ಎರಡನ್ನೂ ಬರೆಯಿರಿ. ಯಾವ ತೂತಿಗೆ ಇನ್ನೂ ಕಾರಣ ಸಿಕ್ಕಿಲ್ಲ ಅನ್ನುವುದನ್ನೂ ಸೇರಿಸಿ, ಮುಂದೆ ನೋಡುವವರು ಅಲ್ಲಿಂದಲೇ ಶುರು ಮಾಡಬಹುದು.